ಫಾಸ್ಟ್‌ಎಪಿಐ ಕಲಿತ ಐದು ಸಂಜೆಗಳು

ಬೋಧನಾಭ್ಯಾಸದ ಈ ಸಂಚಿಕೆಗಳಲ್ಲಿ ನಾವು ಸಾಮಾನ್ಯವಾಗಿ ಕಲಿಸಿದ ಪಾಠಗಳ ಬಗ್ಗೆ ಬರೆಯುತ್ತೇವೆ. ಈ ಬಾರಿ ನಾನು ಕಲಿತ ಪಾಠವೊಂದರ ಬಗ್ಗೆ ಬರೆಯುತ್ತಿದ್ದೇನೆ. ಕಲಿಸಿದವರು ನಮ್ಮದೇ ಕಾಲೇಜಿನ ಒಬ್ಬ ಪ್ರಶಿಕ್ಷಣಾರ್ಥಿ. ಪದವಿಯಲ್ಲಿ ಗಣಿತದ ಜೊತೆ ಕಂಪ್ಯೂಟರ್ ಸೈನ್ಸ್ ಓದಿ ಬಂದವರು. ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೋಧನಾಭ್ಯಾಸ ಮುಗಿಯುವ ಹೊತ್ತಿಗೆ ನನ್ನ ಮೇಜಿನ ಮೇಲೆ ಪಾಠ ವೀಕ್ಷಣಾ ಪುಸ್ತಕಗಳ ರಾಶಿ ಬೀಳುವುದು ಪ್ರತಿ ವರ್ಷದ ಕತೆ. ಯಾರು ಎಷ್ಟು ಪಾಠ ಮಾಡಿದರು, ಯಾವ ಶಾಲೆಯಲ್ಲಿ, ಯಾರು ವೀಕ್ಷಿಸಿದರು, ಅಂಕ ಎಷ್ಟು, ಷರಾ ಏನು ಎಂಬುದನ್ನೆಲ್ಲ ಒಂದೆಡೆ ಸೇರಿಸಬೇಕು. ನಾನು ಒಂದು ಸ್ಪ್ರೆಡ್‌ಶೀಟಿನಲ್ಲಿ ತುಂಬಿದರೆ ಸಹೋದ್ಯೋಗಿಗಳು ಇನ್ನೊಂದರಲ್ಲಿ ತುಂಬುತ್ತಾರೆ. ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದು ದಿನ ಕಂಪ್ಯೂಟರ್ ಕೊಠಡಿಯಲ್ಲಿ ಇದನ್ನು ಗೊಣಗುತ್ತಿದ್ದಾಗ ಆ ಪ್ರಶಿಕ್ಷಣಾರ್ಥಿ, “ಸರ್, ಇದಕ್ಕೆ ಒಂದು ಎಪಿಐ ಮಾಡಬಹುದು. ಪೈಥಾನ್ ಸ್ವಲ್ಪ ಬರುತ್ತದಲ್ಲ ನಿಮಗೆ? ಒಂದು ವಾರ ಸಂಜೆ ಕೂತರೆ ಸಾಕು” ಎಂದರು.

ಪೈಥಾನ್ ನನಗೆ ಬರುತ್ತಿದ್ದದ್ದು ಅಷ್ಟಕ್ಕಷ್ಟೇ. ಹಿಂದೆ ಒಂದು ಪುನಶ್ಚೇತನ ಶಿಬಿರದಲ್ಲಿ ಕಲಿತ ನಾಲ್ಕು ಲೂಪು, ಎರಡು ಫಂಕ್ಷನ್ನು. ಆದರೂ ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ಒಂದು ವಿಷಯ ನನಗೆ ನೆನಪಿರಲಿಲ್ಲ. ಅವರ ಮೊದಲ ಪಾಠವನ್ನು ವೀಕ್ಷಿಸಿದವನು ನಾನೇ.

ಮೊದಲ ಸಂಜೆ ಚೆನ್ನಾಗಿ ಆಗಲಿಲ್ಲ. ಅವರು ಎಚ್‌ಟಿಟಿಪಿಯಿಂದ ಶುರು ಮಾಡಿದರು. ರಾಯ್ ಫೀಲ್ಡಿಂಗ್ 2000ದಲ್ಲಿ ತಮ್ಮ ಪಿಎಚ್‌.ಡಿ. ಪ್ರಬಂಧದಲ್ಲಿ ‘ರೆಸ್ಟ್’ ಎಂಬ ವಿನ್ಯಾಸ ಕ್ರಮವನ್ನು ವಿವರಿಸಿದ್ದು, ಫ್ಲಾಸ್ಕ್, ಜ್ಯಾಂಗೊ, ಫಾಸ್ಟ್‌ಎಪಿಐ ಇವುಗಳ ನಡುವಿನ ವ್ಯತ್ಯಾಸ, ಡೆಕೊರೇಟರ್ ಅಂದರೇನು, ಅಸಿಂಕ್ ಅಂದರೇನು ಎಂದು ಹೇಳುತ್ತಾ ಹೋದರು. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಲವತ್ತು ನಿಮಿಷ ಕಳೆದರೂ ನನ್ನ ಪರದೆಯ ಮೇಲೆ ಏನೂ ಇರಲಿಲ್ಲ. ನಾನು ತಲೆಯಾಡಿಸುತ್ತಿದ್ದೆ. ಹಿಂದಿನ ಬೆಂಚಿನ ಮಕ್ಕಳು ಯಾವಾಗ ಹಾಗೆ ತಲೆಯಾಡಿಸುತ್ತಾರೆ ಎಂಬುದು ಅವತ್ತು ಗೊತ್ತಾಯಿತು. ಹೊರಡುವಾಗ ಅವರೇ ಕೇಳಿದರು: “ಸರ್, ಎಲ್ಲಿ ತಪ್ಪಿತು?” ನಾನು, “ನನಗೆ ಏನಾದರೂ ಓಡುವುದನ್ನು ಮೊದಲು ನೋಡಬೇಕಿತ್ತು. ಹೆಸರುಗಳು ಆಮೇಲೆ ಬಂದರೆ ಸಾಕಿತ್ತು” ಎಂದೆ.

ಎರಡನೇ ಸಂಜೆ ಅವರು ಬೇರೆ ಯೋಜನೆಯೊಂದಿಗೆ ಬಂದಿದ್ದರು. ಮೊದಲು ಒಂದು ಹೋಲಿಕೆ. ಶಾಲೆಯ ಕಚೇರಿಯಲ್ಲಿ ಒಂದು ಕಿಟಕಿ ಇರುತ್ತದೆ. ವರ್ಗಾವಣೆ ಪತ್ರ ಬೇಕಾದವರು ಒಳಗೆ ನುಗ್ಗಿ ಬೀರು ತೆರೆಯುವುದಿಲ್ಲ. ಕಿಟಕಿಯಲ್ಲಿ ಅರ್ಜಿ ಕೊಡುತ್ತಾರೆ. ಗುಮಾಸ್ತರು ಅರ್ಜಿ ಸರಿಯಿದೆಯೇ ನೋಡುತ್ತಾರೆ, ಒಳಗಿಂದ ದಾಖಲೆ ತರುತ್ತಾರೆ, ಕಿಟಕಿಯಿಂದಲೇ ಕೊಡುತ್ತಾರೆ. ಯಾವ ಕಿಟಕಿಯಲ್ಲಿ ಏನು ಕೇಳಬಹುದು, ಹೇಗೆ ಕೇಳಬೇಕು, ಏನು ಸಿಗುತ್ತದೆ ಎಂಬ ಒಪ್ಪಂದವೇ ಎಪಿಐ. ಕೇಳುವವರು ಮೊಬೈಲಿನವರೋ ಕಂಪ್ಯೂಟರಿನವರೋ ಎಂಬುದು ಕಿಟಕಿಗೆ ಬೇಕಿಲ್ಲ. ಹಾಗಾದರೆ ಫ್ರೇಮ್‌ವರ್ಕ್ ಏನು ಮಾಡುತ್ತದೆ? ಕಿಟಕಿ, ಮೇಜು, ಲಕೋಟೆ ಒಡೆಯುವುದು, ಅರ್ಜಿಯನ್ನು ಸರಿಯಾದ ಗುಮಾಸ್ತರಿಗೆ ತಲುಪಿಸುವುದು ಇವೆಲ್ಲವನ್ನೂ ಅದು ಸಿದ್ಧವಾಗಿ ಕೊಡುತ್ತದೆ. ಗುಮಾಸ್ತರ ಕೆಲಸವನ್ನಷ್ಟೇ ನಾವು ಬರೆಯಬೇಕು.

ಆಮೇಲೆ ನೇರ ಕೆಲಸ. ಈ ಕೆಲಸಕ್ಕೆಂದೇ ಒಂದು ಪ್ರತ್ಯೇಕ ಫೋಲ್ಡರ್, ಅದರೊಳಗೆ ಪೈಥಾನಿನ ಒಂದು ವರ್ಚುವಲ್ ಎನ್ವಿರಾನ್‌ಮೆಂಟ್. ಇಲ್ಲಿ ಹಾಕಿದ ಸಾಮಗ್ರಿ ಬೇರೆ ಕೆಲಸಗಳ ಸಾಮಗ್ರಿಯೊಂದಿಗೆ ಬೆರೆಯಬಾರದು, ಅದಕ್ಕೆ. ಅದರಲ್ಲಿ ಫಾಸ್ಟ್‌ಎಪಿಐ ಮತ್ತು ಅದನ್ನು ಓಡಿಸುವ ಯುವಿಕಾರ್ನ್ ಎಂಬ ಸರ್ವರ್ ಸ್ಥಾಪಿಸಿದೆವು. ಒಂದು ಕಡತ, ಅದರಲ್ಲಿ ಐದೇ ಸಾಲು: ಫ್ರೇಮ್‌ವರ್ಕನ್ನು ಕರೆದುಕೊಳ್ಳುವ ಸಾಲು, ‘ಆ್ಯಪ್’ ಎಂಬ ಹೆಸರಿಡುವ ಸಾಲು, ‘ಗೆಟ್’ ಎಂಬ ಒಂದು ಗುರುತು, ಅದರ ಕೆಳಗೆ ಎರಡು ಸಾಲಿನ ಫಂಕ್ಷನ್. ಓಡಿಸಿ, ಬ್ರೌಸರಿನಲ್ಲಿ 127.0.0.1, ಪೋರ್ಟ್ 8000 ಎಂದು ಕೊಟ್ಟಾಗ ನಾನು ಬರೆದ “ನಮಸ್ಕಾರ” ಕನ್ನಡದಲ್ಲೇ ತೆರೆಯ ಮೇಲೆ ಬಂತು. ಐವತ್ತೆರಡನೇ ವಯಸ್ಸಿನಲ್ಲಿ ಅಷ್ಟಕ್ಕೇ ನನಗೆ ಖುಷಿಯಾಯಿತು ಎಂದು ಹೇಳಲು ಸಂಕೋಚವಿಲ್ಲ.

“ಈ ಫಂಕ್ಷನ್ ಮೇಲಿನ ಸಾಲು ಏನು?” ಎಂದು ಕೇಳಿದೆ. “ಅದು ಕಿಟಕಿಯ ಮೇಲಿನ ಬೋರ್ಡು ಅಂದ್ಕೊಳ್ಳಿ ಸರ್. ಈ ವಿಳಾಸಕ್ಕೆ ಗೆಟ್ ಎಂದು ಕೇಳಿಕೊಂಡು ಬಂದವರನ್ನು ಈ ಫಂಕ್ಷನ್ನಿಗೆ ಕಳಿಸು ಅಂತ. ಒಳಗೆ ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನ ಶುಕ್ರವಾರ ನೋಡೋಣ” ಎಂದರು. ಡೆಕೊರೇಟರ್ ಎಂಬ ಪದವನ್ನು ಅವರು ಬಳಸಲೇ ಇಲ್ಲ. ಹಿಂದಿನ ದಿನ ಇಪ್ಪತ್ತು ನಿಮಿಷ ತೆಗೆದುಕೊಂಡ ಪರಿಕಲ್ಪನೆ ಈಗ ಒಂದು ವಾಕ್ಯದಲ್ಲಿ ಮುಗಿದಿತ್ತು. ಅವರು ಅದನ್ನು ಬಿಟ್ಟಿರಲಿಲ್ಲ, ಮುಂದಕ್ಕೆ ಹಾಕಿದ್ದರು. ಏನನ್ನು ಮುಂದಕ್ಕೆ ಹಾಕಬೇಕು ಎಂದು ಗೊತ್ತಿರುವುದು ಎಷ್ಟು ದೊಡ್ಡ ಕೌಶಲ ಎಂಬುದನ್ನು ನಾವು ಪಾಠಯೋಜನೆಯ ತರಗತಿಯಲ್ಲಿ ಸಾಕಷ್ಟು ಹೇಳುವುದಿಲ್ಲ.

ಮೂರನೇ ಸಂಜೆ ವೀಕ್ಷಣೆಯ ದಾಖಲೆಗೆ ಒಂದು ನಮೂನೆ ಮಾಡಿದೆವು. ನೋಂದಣಿ ಸಂಖ್ಯೆ, ಪಾಠ ಸಂಖ್ಯೆ, ವಿಷಯ, ಅಂಕ, ಷರಾ. ಪ್ರತಿಯೊಂದರ ಮುಂದೆಯೂ ಅದು ಯಾವ ಬಗೆಯದು ಎಂದು ಬರೆಯಬೇಕು: ಇದು ಪೂರ್ಣಾಂಕ, ಇದು ಪಠ್ಯ ಎಂದು. ಹೀಗೆ ಬಗೆಯನ್ನು ಸೂಚಿಸುವ ಸೌಲಭ್ಯ ಪೈಥಾನಿನಲ್ಲೇ ಇದೆ. 2018ರಲ್ಲಿ ಮೊದಲು ಹೊರಬಂದ ಫಾಸ್ಟ್‌ಎಪಿಐ ಆ ಸೂಚನೆಗಳನ್ನೇ ಆಧಾರ ಮಾಡಿಕೊಂಡಿದೆ. ಬಂದ ಅರ್ಜಿ ನಮೂನೆಗೆ ಹೊಂದುತ್ತದೆಯೇ ಎಂದು ಪೈಡ್ಯಾಂಟಿಕ್ ಎಂಬ ಇನ್ನೊಂದು ಸಾಮಗ್ರಿಯ ಸಹಾಯದಿಂದ ತಾನೇ ಪರಿಶೀಲಿಸುತ್ತದೆ. ಅಷ್ಟೇ ಅಲ್ಲ, ವಿಳಾಸದ ಕೊನೆಗೆ ‘ಡಾಕ್ಸ್’ ಎಂದು ಸೇರಿಸಿದರೆ ನಾವು ಬರೆದ ಎಲ್ಲ ಕಿಟಕಿಗಳ ಪಟ್ಟಿ ಒಂದು ಪುಟದಲ್ಲಿ ಬರುತ್ತದೆ. ಅಲ್ಲಿಂದಲೇ ಅರ್ಜಿ ಕಳಿಸಿ ನೋಡಬಹುದು. ಕಲಿಯುವವರಿಗೆ ಇದು ದೊಡ್ಡ ಅನುಕೂಲ.

“ಈಗ ಬೇಕೆಂದೇ ತಪ್ಪು ಮಾಡಿ ಸರ್” ಎಂದರು. ಪಾಠ ಸಂಖ್ಯೆಯ ಜಾಗದಲ್ಲಿ ‘ಮೂರು’ ಎಂದು ಅಕ್ಷರದಲ್ಲಿ ಬರೆದು ಕಳಿಸಿದೆ. 422 ಎಂಬ ಸಂಖ್ಯೆಯೊಂದಿಗೆ ಉತ್ತರ ಬಂತು. ಅದರಲ್ಲಿ ನಾಲ್ಕು ವಿವರ. ತಪ್ಪು ಎಲ್ಲಿದೆ: ಅರ್ಜಿಯ ಒಡಲಿನಲ್ಲಿ, ಪಾಠ ಸಂಖ್ಯೆಯ ಜಾಗದಲ್ಲಿ. ತಪ್ಪಿನ ಬಗೆ ಯಾವುದು. ಏನು ಬೇಕಿತ್ತು: ಒಂದು ಪೂರ್ಣಾಂಕ. ಏನು ಬಂದಿದೆ: ‘ಮೂರು’. ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. ಓದಿದ ತಕ್ಷಣ ಏನು ಮಾಡಬೇಕು ಎಂಬುದು ಗೊತ್ತಾಗುತ್ತದೆ.

ಆ ಸಂಜೆ ಪೂರ್ತಿ ತಪ್ಪುಗಳನ್ನೇ ಮಾಡಿದೆವು. ಇಲ್ಲದ ವಿಳಾಸ ಕೇಳಿದರೆ 404. ದಾಖಲೆ ಸೇರಿಸಲು ‘ಪೋಸ್ಟ್’ ಎಂದು ಮಾತ್ರ ಇಟ್ಟ ವಿಳಾಸವನ್ನು ಬ್ರೌಸರಿನಲ್ಲಿ ತೆರೆದರೆ 405. ಯಾಕೆಂದರೆ ಬ್ರೌಸರಿನ ವಿಳಾಸ ಪಟ್ಟಿಯಿಂದ ಹೋಗುವುದು ‘ಗೆಟ್’. ಕೊನೆಗೆ ಒಬ್ಬರ ಸರಾಸರಿ ಅಂಕ ಕೊಡುವ ಫಂಕ್ಷನ್ನನ್ನು ನಾನೇ ಬರೆದೆ. ಇನ್ನೂ ಒಂದು ಪಾಠವನ್ನೂ ಮಾಡದವರ ಸರಾಸರಿ ಕೇಳಿದಾಗ ಬಂದದ್ದು 500, ‘ಇಂಟರ್ನಲ್ ಸರ್ವರ್ ಎರರ್’. ಮತ್ತೇನೂ ಇಲ್ಲ. ಕೇಳಿದವರಿಗೆ ಏನೂ ತಿಳಿಯುವುದಿಲ್ಲ. ಸರ್ವರ್ ಓಡುತ್ತಿದ್ದ ಕಪ್ಪು ಕಿಟಕಿಯಲ್ಲಿ ನೋಡಿದರೆ, ಸೊನ್ನೆಯಿಂದ ಭಾಗಿಸಿದ್ದೆ. ಗಣಿತ ಬೋಧನಾ ಶಾಸ್ತ್ರ ಹೇಳುವ ನಾನು!

ಅವರು ನಗಲಿಲ್ಲ. “ನಾಲ್ಕರಿಂದ ಶುರುವಾದರೆ ಕೇಳಿದವರ ಕಡೆಯ ತಪ್ಪು ಸರ್, ಐದರಿಂದ ಶುರುವಾದರೆ ನಮ್ಮ ಕಡೆಯ ತಪ್ಪು. ಯಾರ ತಪ್ಪು ಅಂತ ಮೊದಲು ಗೊತ್ತಾಗಬೇಕಲ್ಲ” ಎಂದರು. ಆ ಮಾತನ್ನು ನಾನು ಪುಸ್ತಕದಲ್ಲಿ ಬರೆದುಕೊಂಡೆ.

ನಾಲ್ಕನೇ ಸಂಜೆ ನಿಜವಾದ ಷರಾಗಳನ್ನೇ ತುಂಬಿ ನೋಡೋಣ ಎಂದೆ. ಹೆಸರು ಹಾಕಲಿಲ್ಲ, ನೋಂದಣಿ ಸಂಖ್ಯೆ ಮಾತ್ರ. 127.0.0.1 ಎಂದರೆ ಇದೇ ಯಂತ್ರ. ಯಾರು ಕೇಳುತ್ತಿದ್ದಾರೆ ಎಂಬ ಗುರುತಿನ ಪರಿಶೀಲನೆ ಇನ್ನೂ ಇಲ್ಲದ್ದರಿಂದ ಅದನ್ನು ಕಾಲೇಜಿನ ಜಾಲಕ್ಕೆ ತೆರೆದಿಡಬಾರದು ಎಂದು ಅವರು ಎಚ್ಚರಿಸಿದ್ದರು. ಬೇರೆಯವರ ಪುಸ್ತಕಗಳನ್ನು ನಾನೇ ಇಟ್ಟುಕೊಂಡು, ಅವರ ಸ್ವಂತ ಪುಸ್ತಕವನ್ನು ಮಾತ್ರ ಅವರ ಕೈಗೆ ಕೊಟ್ಟು “ನಿಮ್ಮದನ್ನು ನೀವೇ ತುಂಬಿ” ಎಂದೆ.

ಅವರು ಪುಟ ತೆರೆದು ಬೆರಳಚ್ಚು ಮಾಡಿದರು. ನಾನು ಪರದೆಯ ಮೇಲೆ ಓದಿದೆ. “ಪಾಠ ಪರಿಣಾಮಕಾರಿಯಾಗಿಲ್ಲ. ಸುಧಾರಿಸಿಕೊಳ್ಳಿ.” ಕೆಳಗೆ ನನ್ನ ಸಹಿ. 9ನೇ ತರಗತಿ, ಬಹುಪದೋಕ್ತಿಗಳು.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರು ಪರದೆ ನೋಡುತ್ತಲೇ ಹೇಳಿದರು: “ಈ ಎರಡು ಸಾಲನ್ನ ಎಷ್ಟು ಸಲ ಓದಿದೀನಿ ಗೊತ್ತಿಲ್ಲ ಸರ್. ಏನು ಸುಧಾರಿಸಬೇಕು ಅಂತ ತಿಳೀಲಿಲ್ಲ. ನಾನೇ ಸರಿಯಿಲ್ಲ ಅನ್ನಿಸ್ತು. ಎರಡು ದಿನ ಶಾಲೆಗೆ ಹೋಗಲಿಲ್ಲ. ಬಿ.ಎಡ್. ಬಿಟ್ಟುಬಿಡ್ತೀನಿ ಅಂತ ಮನೆಯಲ್ಲಿ ಹೇಳಿದ್ದೆ.” ಆ ಎರಡು ದಿನದ ಗೈರುಹಾಜರಿಗೆ ಜ್ವರ ಎಂದು ರಜೆ ಅರ್ಜಿ ಬಂದದ್ದು ನನಗೆ ನೆನಪಾಯಿತು. ಅದಕ್ಕೆ ಸಹಿ ಹಾಕಿದ್ದೂ ನಾನೇ.

ಆ ದಿನದ ಪಾಠವನ್ನು ಇಬ್ಬರೂ ಕೂತು ನೆನಪಿಸಿಕೊಂಡೆವು. ಒಬ್ಬ ಶಿಕ್ಷಕರು ಬಂದಿರದ ಕಾರಣ ಆ ಹೊತ್ತು ಎರಡು ವಿಭಾಗಗಳನ್ನು ಒಟ್ಟಿಗೆ ಕೂರಿಸಿದ್ದರು. ಒಂದು ವಿಭಾಗಕ್ಕೆ ಹಿಂದಿನ ಪಾಠವೇ ಆಗಿರಲಿಲ್ಲ. ಅರ್ಧ ತರಗತಿಗೆ ಪೂರ್ವಜ್ಞಾನವಿರಲಿಲ್ಲ. ಅದು ಅವರ ತಪ್ಪಲ್ಲ. ಅವರ ತಪ್ಪೂ ಇತ್ತು: ಮಹತ್ತಮ ಘಾತ ಎಂಬುದನ್ನು ಒಂದೇ ಉದಾಹರಣೆಯಲ್ಲಿ ಮುಗಿಸಿ, ಮಕ್ಕಳು ಸಾಮೂಹಿಕವಾಗಿ “ಹೌದು ಮಿಸ್” ಎಂದದ್ದನ್ನು ಉತ್ತರವೆಂದು ತೆಗೆದುಕೊಂಡಿದ್ದರು. ಈ ಎರಡನ್ನೂ ಅವತ್ತು ನಾನು ಕಂಡಿದ್ದೆ. ಬರೆದಿರಲಿಲ್ಲ. ಮುಂದಿನ ಅವಧಿಗೆ ಇನ್ನೊಂದು ಶಾಲೆಗೆ ಹೋಗಬೇಕಿತ್ತು. ಎರಡು ಸಾಲು ಗೀಚಿ ಎದ್ದಿದ್ದೆ.

ಸೂಕ್ಷ್ಮ ಬೋಧನೆಯ 36 ನಿಮಿಷಗಳ ಚಕ್ರವನ್ನು ನಾವೇ ಕಲಿಸುತ್ತೇವೆ: ಬೋಧನೆ 6, ಹಿಮ್ಮಾಹಿತಿ 6, ಮರುಯೋಜನೆ 12, ಮರುಬೋಧನೆ 6, ಮರು ಹಿಮ್ಮಾಹಿತಿ 6. ಬೋಧನೆಗೆ ಎಷ್ಟು ಹೊತ್ತೋ ಹಿಮ್ಮಾಹಿತಿಗೂ ಅಷ್ಟೇ ಹೊತ್ತು. ಶಾಲೆಯ ಪಾಠಕ್ಕೆ ಬರುವಾಗ ಅದೇ ಹಿಮ್ಮಾಹಿತಿ ಪುಟದ ಕೆಳಗಿನ ಎರಡು ಸಾಲಿಗೆ ಇಳಿದುಬಿಡುತ್ತದೆ. ಹಿಂದಿನ ದಿನ 500 ಕಂಡಾಗ ನನಗೆ ಸಿಟ್ಟು ಬಂದಿತ್ತು, ಏನಾಯಿತೆಂದು ಹೇಳಬಾರದೇ ಎಂದು. ನಾನು ವರ್ಷಗಟ್ಟಲೆ ಬರೆದದ್ದು ಅದನ್ನೇ. ನನಗಾದರೂ ಒಳಗೆ ನೋಡಲು ಕಪ್ಪು ಕಿಟಕಿಯಿತ್ತು, ಪಕ್ಕದಲ್ಲಿ ಅವರಿದ್ದರು.

ಅವತ್ತು ಹನ್ನೊಂದು ದಾಖಲೆ ತುಂಬಿದೆವು. ಹೊರಡುವ ಮುನ್ನ ನಾನು ಸಂಕೇತದಲ್ಲಿ ಏನನ್ನೋ ತಿದ್ದಿ ಉಳಿಸಿದೆ. ಸರ್ವರ್ ತಾನಾಗಿ ಮತ್ತೆ ಶುರುವಾಯಿತು. ಪಟ್ಟಿ ಕೇಳಿದರೆ ಬಂದದ್ದು ಖಾಲಿ ಆವರಣ. ಹನ್ನೊಂದೂ ಹೋಗಿದ್ದವು. ದಾಖಲೆಗಳನ್ನು ನಾವು ಇಟ್ಟಿದ್ದದ್ದು ಪೈಥಾನಿನ ಒಂದು ಪಟ್ಟಿಯಲ್ಲಿ. ಅದು ಪ್ರೋಗ್ರಾಂ ಓಡುವವರೆಗೆ ಮಾತ್ರ ನೆನಪಿನಲ್ಲಿರುತ್ತದೆ. “ಅಯ್ಯೋ, ಹೇಳಲು ಮರೆತೆ ಸರ್, ನನ್ನ ತಪ್ಪು” ಎಂದು ಅವರು ಪೇಚಾಡಿಕೊಂಡರು. ಆದರೆ ಡೇಟಾಬೇಸ್ ಯಾಕೆ ಬೇಕು ಎಂದು ಇನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಐದನೇ ಸಂಜೆ ಎಸ್‌ಕ್ಯುಲೈಟ್ ಜೋಡಿಸಿದೆವು. ಪೈಥಾನಿನ ಜೊತೆಗೇ ಬರುತ್ತದೆ, ಬೇರೆ ಸರ್ವರ್ ಬೇಡ, ಎಲ್ಲ ದಾಖಲೆಯೂ ಒಂದೇ ಕಡತದಲ್ಲಿ ಕೂರುತ್ತದೆ. ನಮ್ಮಂಥ ಸಣ್ಣ ಕೆಲಸಕ್ಕೆ ಸಾಕು. ಆದರೆ ಹನ್ನೊಂದು ಷರಾಗಳನ್ನು ಮತ್ತೆ ತುಂಬುವ ಮೊದಲು ನಾನು ನಮೂನೆಯನ್ನೇ ಬದಲಿಸಬೇಕೆಂದೆ. ಷರಾ ಎಂಬ ಒಂದೇ ಜಾಗದ ಬದಲು ಮೂರು: ಪಾಠದ ಯಾವ ಘಟ್ಟದಲ್ಲಿ, ಏನು ಕಂಡಿತು, ಏನು ನಿರೀಕ್ಷೆಯಿತ್ತು. ಜೊತೆಗೆ ನಾಲ್ಕನೆಯದು: ಪ್ರಶಿಕ್ಷಣಾರ್ಥಿಯ ಕೈಮೀರಿದ ಕಾರಣವೇನಾದರೂ ಇತ್ತೇ. ಮೊದಲ ಮೂರು ಖಾಲಿ ಬಿಡುವಂತಿಲ್ಲ. ‘ಕಂಡದ್ದು’ ಕನಿಷ್ಠ 20 ಅಕ್ಷರವಿರಬೇಕು ಎಂದು ಮಿತಿ ಹಾಕಿಸಿದೆ.

ಪರೀಕ್ಷಿಸಲು ಅಭ್ಯಾಸದಂತೆ “ಉತ್ತಮ” ಎಂದು ಬರೆದು ಕಳಿಸಿದೆ. 422. ನನ್ನ ಕಿಟಕಿಯೇ ನನ್ನ ಅರ್ಜಿಯನ್ನು ಹಿಂದಿರುಗಿಸಿತು. “ಇದರಲ್ಲಿ ಎಷ್ಟು ಅಕ್ಷರ ಅಂತ ಯಂತ್ರ ಎಣಿಸುತ್ತದೆ ಹೇಳಿ ಸರ್?” ಎಂದು ಕೇಳಿದರು. ಉ, ತ್ತ, ಮ: ಮೂರು ಎಂದೆ. ಐದಂತೆ. ಒತ್ತಕ್ಷರದ ‘ತ್ತ’ ಯಂತ್ರಕ್ಕೆ ತ, ಹಲಂತದ ಚಿಹ್ನೆ, ಮತ್ತೆ ತ ಎಂದು ಮೂರು ಸಂಕೇತಗಳು. ಕನ್ನಡದಲ್ಲಿ ನಮೂನೆ ಮಾಡುವವರು ಇದನ್ನು ನೆನಪಿಡಬೇಕು. ನಾವು ಎಣಿಸುವ ಅಕ್ಷರವೂ ಯಂತ್ರ ಎಣಿಸುವುದೂ ಒಂದೇ ಅಲ್ಲ.

ಆಮೇಲೆ ಅವರು ತುಂಟತನದಿಂದ “ತುಂಬಾ ತುಂಬಾ ತುಂಬಾ ಉತ್ತಮವಾಗಿದೆ” ಎಂದು ಬರೆದು ಕಳಿಸಿದರು. 200. ಒಪ್ಪಿಗೆ. ಇಬ್ಬರೂ ನಕ್ಕೆವು. ಯಂತ್ರ ನಮೂನೆಯ ಆಕಾರವನ್ನು ನೋಡುತ್ತದೆ, ಬರೆದದ್ದು ನಿಜವೋ ಉಪಯುಕ್ತವೋ ಎಂದು ನೋಡುವುದಿಲ್ಲ. ಅದು ಬರೆಯುವವರ ಜವಾಬ್ದಾರಿಯಾಗಿಯೇ ಉಳಿಯುತ್ತದೆ.

ಹನ್ನೊಂದು ಷರಾಗಳನ್ನು ಹೊಸ ನಮೂನೆಯಲ್ಲಿ ತುಂಬಲು ಕುಳಿತೆ. ನಾಲ್ಕನ್ನು ಮಾತ್ರ ತುಂಬಲಾಯಿತು. ಉಳಿದ ಏಳರಲ್ಲಿ ‘ಧ್ವನಿ ಇನ್ನೂ ಸ್ಪಷ್ಟವಿರಲಿ’, ‘ಕಪ್ಪುಹಲಗೆ ಕೆಲಸ ಸುಧಾರಿಸಲಿ’, ‘ಉತ್ತಮ ಪ್ರಯತ್ನ’ ಎಂದಿತ್ತು. ಯಾವ ಘಟ್ಟದಲ್ಲಿ, ಏನು ಕಂಡು ಹಾಗೆ ಬರೆದೆ ಎಂಬುದು ನನಗೇ ನೆನಪಾಗಲಿಲ್ಲ. ನೆನಪಿಲ್ಲದ್ದನ್ನು ಈಗ ಕಲ್ಪಿಸಿ ತುಂಬುವುದು ಸರಿಯಲ್ಲ. ಆ ಏಳು ಮಂದಿಯನ್ನು ಕರೆದು, ಅವರ ಇನ್ನೊಂದು ಪಾಠವನ್ನು ನೋಡುವುದಾಗಿ ಹೇಳಿದೆ.

ಈ ಬಗೆಯ ಕೆಲಸ ಕಲಿಸಬೇಕಾಗಿ ಬರುವ ಪ್ರಶಿಕ್ಷಣಾರ್ಥಿಗಳಿಗೆ ನನ್ನ ಅನುಭವದಿಂದ ಮೂರು ಮಾತು. ಮೊದಲ ಅವಧಿಯಲ್ಲೇ ಐದು ಸಾಲಿನದೊಂದು ಓಡಲಿ. ಫೀಲ್ಡಿಂಗ್ ಮತ್ತು ಡೆಕೊರೇಟರ್ ಕಾಯಬಲ್ಲರು. ಎರಡನೆಯದಾಗಿ, ಒಂದು ಪೂರ್ತಿ ಅವಧಿಯನ್ನು ಬೇಕೆಂದೇ ತಪ್ಪು ಮಾಡಿಸಲು ಮೀಸಲಿಡಿ. 404, 405, 422, 500 ಇವುಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಒಮ್ಮೆ ಬರಿಸಿ ಓದಿಸುವುದು ಮೇಲು. ಮೂರನೆಯದು, ಡೇಟಾಬೇಸನ್ನು ಮೊದಲೇ ತರಬೇಡಿ. ಪಟ್ಟಿಯಲ್ಲಿ ಇಟ್ಟದ್ದು ಒಮ್ಮೆ ಅಳಿದುಹೋಗಲಿ. ಆದರೆ ಹನ್ನೊಂದು ದಾಖಲೆ ತುಂಬಿಸಿದ ಮೇಲೆ ಅಲ್ಲ, ಎರಡು ಸಾಕು!

ಕಳೆದ ತಿಂಗಳು ಆ ಪ್ರಶಿಕ್ಷಣಾರ್ಥಿಯ ಕೊನೆಯ ಪಾಠವನ್ನು ನೋಡಿದೆ. ಅದೇ 9ನೇ ತರಗತಿ, ನಿರ್ದೇಶಾಂಕ ರೇಖಾಗಣಿತ. ಈ ಸಲ ನಾನು ಮುಂದಿನ ಅವಧಿಗೆ ಬೇರೆಲ್ಲೂ ಹೋಗಲಿಲ್ಲ. ನಾನು ಬರೆದದ್ದು ಇಷ್ಟು: “ಅಭ್ಯಾಸದ ಘಟ್ಟದಲ್ಲಿ (3, 2) ಬಿಂದುವನ್ನು ಗುರುತಿಸಲು ಹಲಗೆಗೆ ಬಂದ ಹುಡುಗಿ ಮೊದಲು ಮೇಲಕ್ಕೆ 3 ಎಣಿಸಿದಳು. ನೀವು ತಕ್ಷಣ ತಿದ್ದಿದಿರಿ. ಯಾಕೆ ಹಾಗೆ ಎಣಿಸಿದೆ ಎಂದು ಅವಳನ್ನು ಕೇಳುತ್ತೀರಿ ಎಂದು ನಿರೀಕ್ಷಿಸಿದ್ದೆ.”

ಎರಡು ದಿನದ ನಂತರ ಅವರು ನನ್ನ ಕೊಠಡಿಯ ಬಾಗಿಲಲ್ಲಿ ನಿಂತು ಹೇಳಿದರು: “ಕೇಳಿದೆ ಸರ್. ನಕ್ಷೆ ನೋಡುವಾಗ ಮೊದಲು ಉತ್ತರ ದಿಕ್ಕು ನೋಡ್ತೀವಲ್ಲ ಮಿಸ್, ಅದಕ್ಕೆ ಮೇಲಿಂದ ಶುರು ಮಾಡಿದೆ ಅಂದಳು.” ಇಷ್ಟು ವರ್ಷಗಳಲ್ಲಿ ನನ್ನ ಷರಾಕ್ಕೆ ಯಾರಾದರೂ ಉತ್ತರ ತಂದದ್ದು ಅದೇ ಮೊದಲು.